ದತ್ತಾಂಶ ಭಂಡಾರವೂ ಅದರ ಕಟ್ಟಳೆಯ ಕಡತವೂ

(ಅಂತಿಮ ಬಿ. ಎ.)

ಲೆಕ್ಕಪತ್ರವಿಲ್ಲದೆ ಸಂಸಾರವೂ ನಡೆಯದು, ಸರ್ಕಾರವೂ ನಡೆಯದು. ನಮ್ಮ ಹಿರಿಯರು ಬಟ್ಟೆಗೆ ಹುಣಿಸೆ ಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಅದರ ಮೇಲೆ ಬಳಪದಿಂದ ಲೆಕ್ಕ ಬರೆದಿಡುತ್ತಿದ್ದರು. ಅದಕ್ಕೆ ಕಡತವೆಂದು ಹೆಸರು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಇಂದಿಗೂ ಆಕರಗಳಾಗಿವೆ. ಬಟ್ಟೆ ಹೋಗಿ ಕಾಗದ ಬಂದಿತು. ಕಾಗದದ ಬಹುಭಾಗವೂ ಹೋಗಿ ಈಗ ಗಣಕಯಂತ್ರ ಬಂದಿದೆ. ಕಡತವೆಂಬ ಮಾತು ಮಾತ್ರ ಉಳಿದುಕೊಂಡಿದೆ. ಗಣಕಯಂತ್ರದೊಳಗಿನ ‘ಫೈಲ್’ ಎಂಬುದನ್ನೂ ನಾವು ಕಡತವೆಂದೇ ಕರೆಯುತ್ತೇವೆ. ಅಂತಹ ಕಡತಗಳಲ್ಲಿ ಒಂದು ಬಗೆಯದನ್ನು ಕುರಿತು, ಎಂದರೆ ದತ್ತಾಂಶ ಭಂಡಾರದ ಸರ್ವರಿಗೆ ಕಟ್ಟಳೆ ಹಾಕಿಕೊಡುವ ‘ಕಾನ್ಫಿಗರೇಷನ್’ ಕಡತವನ್ನು ಕುರಿತು, ನಾಲ್ಕು ಮಾತು ಹೇಳುವುದು ಈ ಲೇಖನದ ಉದ್ದೇಶ.

ಕಲಾ ಕಾಲೇಜಿನ ಸಂಚಿಕೆಯಲ್ಲಿ ಈ ವಿಷಯವೇಕೆ ಎಂದು ಕೆಲವರು ಕೇಳಬಹುದು. ನಾನು ಓದುತ್ತಿರುವುದು ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳನ್ನು; ಗಣಕ ವಿಜ್ಞಾನವನ್ನು ತರಗತಿಯಲ್ಲಿ ಕಲಿತಿಲ್ಲ. ನಮ್ಮ ತಂದೆಯವರು ಪೀಣ್ಯದಲ್ಲಿ ಲೇತ್ ಕೆಲಸಗಾರರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ಎರಡು ವರ್ಷಗಳಿಂದ ಸಂಜೆಯ ಹೊತ್ತು ಅದೇ ಪ್ರದೇಶದ ಒಂದು ಸಣ್ಣ ಕಾರ್ಖಾನೆಯ ಆಫೀಸಿನಲ್ಲಿ ದಾಸ್ತಾನು ಮತ್ತು ಹಾಜರಿಯನ್ನು ಗಣಕಕ್ಕೆ ಏರಿಸುವ ಕೆಲಸ ಮಾಡುತ್ತಿದ್ದೇನೆ. ಅಲ್ಲಿಯ ಸರ್ವರನ್ನು ನೋಡಿಕೊಳ್ಳಲು ಎಲೆಕ್ಟ್ರಾನಿಕ್ ಸಿಟಿಯಿಂದ ವಾರಕ್ಕೊಮ್ಮೆ ಒಬ್ಬರು ಬರುತ್ತಾರೆ. ನಾವೆಲ್ಲ ಅವರನ್ನು ಅಣ್ಣ ಎಂದೇ ಕರೆಯುವುದು. ಅವರು ಬೇಸರಪಡದೆ ಹೇಳಿಕೊಟ್ಟದ್ದನ್ನೂ, ಅವರ ಮಾತಿನಂತೆ ಕೈಪಿಡಿಗಳನ್ನು ಓದಿ ತಿಳಿದುಕೊಂಡದ್ದನ್ನೂ ಇಲ್ಲಿ ಒಟ್ಟುಗೂಡಿಸಿದ್ದೇನೆ.

ಭಂಡಾರವೆಂದರೇನು?

ದತ್ತಾಂಶ ಭಂಡಾರವೆಂದರೆ ಕ್ರಮವಾಗಿ ಜೋಡಿಸಿಟ್ಟ ದಾಖಲೆಗಳ ರಾಶಿ. ಅದನ್ನು ಕಾಯ್ದುಕೊಂಡು, ಕೇಳಿದವರಿಗೆ ತೆಗೆದುಕೊಟ್ಟು, ಹೊಸದನ್ನು ಸೇರಿಸಿಕೊಳ್ಳುವ ತಂತ್ರಾಂಶಕ್ಕೂ, ಅದು ನಡೆಯುವ ಯಂತ್ರಕ್ಕೂ ಸರ್ವರ್ ಎಂದು ಹೆಸರು. ಇದು ನಮಗೆ ದೂರದ ಮಾತಲ್ಲ. ಹಿಂದೆ ಊರಿನ ಜಮೀನಿನ ಲೆಕ್ಕ ಶಾನುಭೋಗರ ಕೈಯಲ್ಲಿತ್ತು. ವಂಶಪಾರಂಪರ್ಯವಾದ ಆ ಹುದ್ದೆಯನ್ನು ೧೯೬೧ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ ತೆಗೆದುಹಾಕಿತು. ಲೆಕ್ಕ ಗ್ರಾಮ ಲೆಕ್ಕಿಗರ ಕೈಗೆ ಬಂದಿತು. ಬಳಿಕ ಕರ್ನಾಟಕ ಸರ್ಕಾರವು ‘ಭೂಮಿ’ ಯೋಜನೆಯಲ್ಲಿ ೬೭ ಲಕ್ಷ ಹಿಡುವಳಿದಾರರಿಗೆ ಸೇರಿದ ಸುಮಾರು ೨ ಕೋಟಿ ದಾಖಲೆಗಳನ್ನು ಗಣಕಕ್ಕೆ ಏರಿಸಿತು. ೨೦೦೨ರ ವೇಳೆಗೆ ಅದು ರಾಜ್ಯದ ತಾಲ್ಲೂಕುಗಳಿಗೆಲ್ಲ ಹಬ್ಬಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಆರಂಭದಲ್ಲಿ ೧೫ ರೂಪಾಯಿ ಕೊಟ್ಟರೆ ಪಹಣಿ ಅಚ್ಚಾಗಿ ಕೈಗೆ ಬರುತ್ತಿತ್ತು. ದಾಖಲೆಯನ್ನು ತಿದ್ದುವ ಅಧಿಕಾರಿ ಬೆರಳಚ್ಚು ಕೊಟ್ಟೇ ಒಳಹೋಗಬೇಕೆಂಬ ಏರ್ಪಾಡನ್ನೂ ಮಾಡಿದರು.

ನಮ್ಮ ಅಜ್ಜನಿಂದ ಬಂದ ಒಂದೂವರೆ ಎಕರೆ ಹೊಲದ ಪಹಣಿಯೂ ಹೀಗೆ ಎಲ್ಲಿಯೋ ಒಂದು ಸರ್ವರಿನಲ್ಲಿದೆ. ತಂದೆಯವರ ಸಂಬಳ, ನನ್ನ ಅಂಕಪಟ್ಟಿ, ತಾಯಿಯವರ ಪಡಿತರ ಚೀಟಿ, ಎಲ್ಲವೂ ಹಾಗೆಯೇ. ಶಾನುಭೋಗರ ಪುಸ್ತಕವನ್ನು ಯಾರು ನೋಡಬಹುದು, ಯಾರು ತಿದ್ದಬಹುದು, ಮಳೆಗೆ ನೆನೆಯದಂತೆ ಎಲ್ಲಿಡಬೇಕು ಎಂಬುದು ಹೇಗೆ ಮುಖ್ಯವಾಗಿತ್ತೋ ಹಾಗೆಯೇ ಇಲ್ಲಿಯೂ ಮುಖ್ಯ. ಈಗ ಆ ಕಟ್ಟಳೆಗಳಲ್ಲಿ ಬಹುಪಾಲು ಬರೆದಿರುವುದು ಒಂದೆರಡು ಸಣ್ಣ ಕಡತಗಳಲ್ಲಿ.

ಕಟ್ಟಳೆಯ ಕಡತ

ಪೀಣ್ಯದ ಕೆಲಸಗಾರರಿಗೆ ಇದು ಸುಲಭವಾಗಿ ಅರ್ಥವಾಗುವ ಸಂಗತಿ. ಸಿ.ಎನ್.ಸಿ. ಯಂತ್ರ ಒಂದೇ, ಆದರೆ ಬೆಳಗಿನ ಪಾಳಿಯಲ್ಲಿ ಅದು ಪಂಪಿನ ಶಾಫ್ಟ್ ಮಾಡುತ್ತದೆ, ರಾತ್ರಿ ಪಾಳಿಯಲ್ಲಿ ಬುಷ್ ಮಾಡುತ್ತದೆ. ಯಂತ್ರ ಬದಲಾಗಲಿಲ್ಲ, ಸೆಟ್ಟಿಂಗ್ ಬದಲಾಯಿತು. ಯಾವ ಟೂಲು, ಎಷ್ಟು ವೇಗ, ಎಷ್ಟು ಆಫ್‌ಸೆಟ್ ಎಂಬುದನ್ನು ಸೆಟ್ಟರು ಒಂದು ಹಾಳೆಯಲ್ಲಿ ಬರೆದು ಯಂತ್ರದ ಪಕ್ಕದಲ್ಲಿ ಇಡುತ್ತಾರೆ. ದತ್ತಾಂಶ ಭಂಡಾರದ ತಂತ್ರಾಂಶವೂ ಹಾಗೆಯೇ. ನಾಲ್ಕು ಜನರ ಅಂಗಡಿಗೂ ನಾಲ್ಕು ಸಾವಿರ ಜನರ ಕಂಪೆನಿಗೂ ಅದೇ ತಂತ್ರಾಂಶ. ಅದು ಎಲ್ಲಿ ಹೇಗೆ ನಡೆದುಕೊಳ್ಳಬೇಕೆಂಬುದನ್ನು ಹೇಳುವುದು ಈ ಕಡತ.

ಉದಾಹರಣೆಗೆ ಪೋಸ್ಟ್‌ಗ್ರೆಸ್ ಮತ್ತು ಮೈಎಸ್‌ಕ್ಯೂಎಲ್ ಎಂಬ ಎರಡು ತಂತ್ರಾಂಶಗಳನ್ನು ತೆಗೆದುಕೊಳ್ಳುತ್ತೇನೆ. ಎರಡನ್ನೂ ಹಣ ಕೊಡದೆ ಪಡೆಯಬಹುದಾದುದರಿಂದ ಸಣ್ಣ ಕಾರ್ಖಾನೆಯವರೂ ದೊಡ್ಡ ಕಂಪೆನಿಯವರೂ ಇವನ್ನು ಬಳಸುತ್ತಾರೆ. ಇವುಗಳ ಕಟ್ಟಳೆಯ ಕಡತವನ್ನು ತೆರೆದು ನೋಡಿದರೆ ಅಲ್ಲಿ ಮಂತ್ರತಂತ್ರವೇನೂ ಇಲ್ಲ. ಒಂದೊಂದು ಸಾಲಿನಲ್ಲಿ ಒಂದು ಹೆಸರು, ಸಮ ಚಿಹ್ನೆ, ಒಂದು ಬೆಲೆ, ಅಷ್ಟೆ. ಸಾಲಿನ ಮೊದಲು ‘#’ ಎಂಬ ಗುರುತಿದ್ದರೆ ಅದು ಕೇವಲ ಟಿಪ್ಪಣಿ. ಸರ್ವರ್ ಅದನ್ನು ಓದದೆ ದಾಟಿಹೋಗುತ್ತದೆ. ಪೋಸ್ಟ್‌ಗ್ರೆಸ್ಸಿನ ಕಡತದಲ್ಲಿ ನೂರಾರು ಸಾಲುಗಳಿದ್ದರೂ ಬಹುತೇಕ ಎಲ್ಲಕ್ಕೂ ಮೊದಲಿಗೆ ಈ ಗುರುತಿರುತ್ತದೆ. ಬೆಲೆಯನ್ನು ತಿದ್ದಿ ಗುರುತನ್ನು ಹಾಗೆಯೇ ಬಿಟ್ಟರೆ ತಿದ್ದಿದ್ದು ವ್ಯರ್ಥ. ಒಂದೇ ಹೆಸರನ್ನು ಎರಡು ಕಡೆ ಬರೆದರೆ ಕೊನೆಯಲ್ಲಿ ಬರೆದದ್ದೇ ಊರ್ಜಿತ. ಇಷ್ಟನ್ನು ತಿಳಿದುಕೊಂಡರೆ ಕಡತವನ್ನು ಯಾರು ಬೇಕಾದರೂ ಓದಬಹುದು.

ಈ ಸಾಲುಗಳು ತೀರ್ಮಾನಿಸುವ ಸಂಗತಿಗಳಲ್ಲಿ ನಾಲ್ಕನ್ನು ವಿವರಿಸುತ್ತೇನೆ.

ಮೊದಲನೆಯದು ಬಾಗಿಲು. ಪೋಸ್ಟ್‌ಗ್ರೆಸ್ ತಾನಿರುವ ಯಂತ್ರದೊಳಗಿಂದ ಬರುವ ಕರೆಗೆ ಮಾತ್ರ ಓಗೊಡುವಂತೆ ಮೊದಲೇ ಏರ್ಪಟ್ಟಿರುತ್ತದೆ. ಹೊರಗಿನವರನ್ನೂ ಕೇಳಿಸಿಕೊಳ್ಳಬೇಕಾದರೆ ‘ಲಿಸನ್ ಅಡ್ರೆಸಸ್’ ಎಂಬ ಸಾಲನ್ನು ಬದಲಿಸಬೇಕು. ಬಂದವರನ್ನು ಒಳಗೆ ಬಿಡಬೇಕೇ ಬೇಡವೇ ಎಂಬುದು ‘ಪಿ.ಜಿ. ಎಚ್.ಬಿ.ಎ.’ ಎಂಬ ಇನ್ನೊಂದು ಕಡತದಲ್ಲಿದೆ. ಯಾವ ಭಂಡಾರಕ್ಕೆ, ಯಾವ ಹೆಸರಿನವರು, ಯಾವ ವಿಳಾಸದಿಂದ ಬಂದರೆ, ಯಾವ ಬಗೆಯ ಪರೀಕ್ಷೆ ಮಾಡಿ ಬಿಡಬೇಕು ಎಂದು ಅಲ್ಲಿ ಬರೆದಿರುತ್ತದೆ. ಈ ಕಡತದ ನಿಯಮ ಮೇಲೆ ಹೇಳಿದ್ದಕ್ಕೆ ತದ್ವಿರುದ್ಧ: ಇಲ್ಲಿ ಮೊದಲು ಹೊಂದಿಕೆಯಾದ ಸಾಲೇ ಕೊನೆಯ ಮಾತು, ಕೆಳಗಿನ ಸಾಲುಗಳನ್ನು ಸರ್ವರ್ ನೋಡುವುದೇ ಇಲ್ಲ. ಆದ್ದರಿಂದ ‘ಟ್ರಸ್ಟ್’, ಎಂದರೆ ಗುಪ್ತಪದ ಕೇಳದೆ ನಂಬಿ ಬಿಡು, ಎಂಬ ಒಂದು ಸಾಲು ಮೇಲ್ಗಡೆ ಸೇರಿಕೊಂಡರೆ ಕೆಳಗೆ ಎಷ್ಟು ಬಿಗಿಯಾದ ಸಾಲುಗಳಿದ್ದೂ ಪ್ರಯೋಜನವಿಲ್ಲ.

ಬಾಗಿಲು ತೆರೆದಿಟ್ಟರೆ ಏನಾಗುವುದೆಂಬುದಕ್ಕೆ ೨೦೧೭ರ ಜನವರಿಯಲ್ಲಿ ಲೋಕಕ್ಕೆಲ್ಲ ಪಾಠವಾಯಿತು. ಮಾಂಗೋಡಿಬಿ ಎಂಬ ಮತ್ತೊಂದು ತಂತ್ರಾಂಶದ ಸಾವಿರಾರು ಭಂಡಾರಗಳು ಗುಪ್ತಪದವಿಲ್ಲದೆ ಅಂತರ್ಜಾಲಕ್ಕೆ ತೆರೆದುಕೊಂಡಿದ್ದವು. ದುಷ್ಕರ್ಮಿಗಳು ಒಳಹೊಕ್ಕು ದಾಖಲೆಗಳನ್ನು ಅಳಿಸಿಹಾಕಿ, ಹಿಂದಿರುಗಿಸಬೇಕಾದರೆ ಹಣ ಕೊಡಿರೆಂದು ಚೀಟಿ ಬರೆದಿಟ್ಟು ಹೋದರು. ಬೀಗ ಮುರಿಯುವ ಶ್ರಮವೇ ಅವರಿಗೆ ಬೀಳಲಿಲ್ಲ. ಅದೇ ವರ್ಷದ ಕೊನೆಗೆ ಬಂದ ಆವೃತ್ತಿಯಲ್ಲಿ, ಬೇರೆ ಹೇಳದ ಹೊರತು ತನ್ನ ಯಂತ್ರದೊಳಗಿನ ಕರೆಗೆ ಮಾತ್ರ ಓಗೊಡುವಂತೆ ತಯಾರಕರು ಕಟ್ಟಳೆಯನ್ನು ಬಿಗಿ ಮಾಡಿದರು.

ಎರಡನೆಯದು ನೆನಪು. ಪದೇ ಪದೇ ಕೇಳುವ ದಾಖಲೆಗಳನ್ನು ಸರ್ವರ್ ಕೈಗೆಟುಕುವಂತೆ ನೆನಪಿನಲ್ಲಿಟ್ಟುಕೊಳ್ಳುತ್ತದೆ. ಇದಕ್ಕಾಗಿ ಪೋಸ್ಟ್‌ಗ್ರೆಸ್ ತಾನಾಗಿ ತೆಗೆದುಕೊಳ್ಳುವುದು ಸಾಮಾನ್ಯವಾಗಿ ೧೨೮ ಎಂ.ಬಿ. ಮಾತ್ರ, ಭಂಡಾರಕ್ಕೇ ಮೀಸಲಾದ ಯಂತ್ರವಾದರೆ ಒಟ್ಟು ನೆನಪಿನ ಕಾಲು ಭಾಗದಿಂದ ಆರಂಭಿಸಬಹುದೆಂದು ಕೈಪಿಡಿ ಹೇಳುತ್ತದೆ. ಹೆಚ್ಚು ಕೊಟ್ಟಷ್ಟೂ ಒಳ್ಳೆಯದೆಂದು ತಿಳಿಯಬಾರದು. ‘ವರ್ಕ್ ಮೆಮ್’ ಎಂಬ ಸಾಲು ವಿಂಗಡಿಸುವಂತಹ ಒಂದೊಂದು ಕೆಲಸಕ್ಕೆ ಕೊಡುವ ನೆನಪು. ಅದರ ಮೂಲ ಬೆಲೆ ೪ ಎಂ.ಬಿ. ವೇಗ ಬರಲೆಂದು ಅದನ್ನು ೬೪ ಮಾಡಿದರೆನ್ನಿ. ಏಕಕಾಲಕ್ಕೆ ೧೦೦ ಮಂದಿ ಬಂದು ತಲಾ ಒಂದೇ ಪಟ್ಟಿ ವಿಂಗಡಿಸಿದರೂ ೬,೪೦೦ ಎಂ.ಬಿ. ಬೇಕಾದೀತು. ೮ ಜಿ.ಬಿ. ನೆನಪಿನ ಯಂತ್ರಕ್ಕೆ ಇದು ಪ್ರಾಣಸಂಕಟ. ಒಬ್ಬನೇ ಕುಳಿತು ಪರೀಕ್ಷಿಸಿದಾಗ ಚೆನ್ನಾಗಿಯೇ ಓಡಿದ್ದು ತಿಂಗಳ ಕೊನೆಯ ಗದ್ದಲದಲ್ಲಿ ಕುಸಿಯುವುದು ಹೀಗೆ.

ಮೂರನೆಯದು ಕೊಟ್ಟ ಮಾತು. ನಾವು ಒಂದು ದಾಖಲೆಯನ್ನು ಸೇರಿಸಿ ಒಪ್ಪಿಸಿದಾಗ ಸರ್ವರ್ ‘ಆಯಿತು’ ಎನ್ನುತ್ತದೆ. ಈ ಮಾತು ಸತ್ಯವಾಗಬೇಕಾದರೆ, ಆಯಿತೆನ್ನುವ ಮೊದಲು ಅದು ಡಿಸ್ಕಿನ ಮೇಲೆ ಬರೆದಿಟ್ಟಿರಬೇಕು. ಬರೆಯುವುದಕ್ಕೆ ಕಾಲ ಹಿಡಿಯುತ್ತದೆ; ಆದುದರಿಂದ ಆತುರಗಾರರು ಈ ಕಟ್ಟಳೆಯನ್ನೇ ಸಡಿಲಿಸುವುದುಂಟು. ಮೈಎಸ್‌ಕ್ಯೂಎಲ್ಲಿನಲ್ಲಿ ಇದಕ್ಕೆ ಸಂಬಂಧಿಸಿದ ಸಾಲಿನ ಬೆಲೆ ಮೂಲತಃ ೧. ಅದನ್ನು ೦ ಅಥವಾ ೨ ಮಾಡಿದರೆ ವೇಗ ಹೆಚ್ಚುತ್ತದೆ, ಆದರೆ ಕರೆಂಟು ಹಠಾತ್ತನೆ ಹೋದರೆ ಹಿಂದಿನ ಸುಮಾರು ಒಂದು ಸೆಕೆಂಡಿನಲ್ಲಿ ಆಯಿತೆಂದು ಹೇಳಿದ್ದು ಆಗದೆ ಹೋಗಬಹುದು. ಪೋಸ್ಟ್‌ಗ್ರೆಸ್ಸಿನಲ್ಲಿ ‘ಎಫ್‌ಸಿಂಕ್’ ಎಂಬುದನ್ನು ಆರಿಸಿದರೆ ಇನ್ನೂ ಅಪಾಯ. ಇಡೀ ಭಂಡಾರವೇ ಸರಿಪಡಿಸಲಾಗದಂತೆ ಕೆಡಬಹುದು. ಹಣ ಕಟ್ಟಿ ರಸೀತಿ ಪಡೆದವನ ಹೆಸರು ಪುಸ್ತಕದಲ್ಲಿ ಇಲ್ಲದಿದ್ದರೆ ಅವನು ಯಾರನ್ನು ಕೇಳಬೇಕು?

ನಾಲ್ಕನೆಯದು ಭಾಷೆ. ಇದನ್ನು ಕನ್ನಡಿಗರಾದ ನಾವು ವಿಶೇಷವಾಗಿ ತಿಳಿಯಬೇಕು. ಗಣಕಯಂತ್ರಕ್ಕೆ ಅಕ್ಷರವೆಂದರೆ ಅಂಕೆಯೇ. ಯಾವ ಅಕ್ಷರಕ್ಕೆ ಯಾವ ಅಂಕೆ ಎಂಬ ಕೋಷ್ಟಕಕ್ಕೆ ಅಕ್ಷರಗಣವೆನ್ನೋಣ. ‘ಲ್ಯಾಟಿನ್ ೧’ ಎಂಬ ಅಕ್ಷರಗಣದಲ್ಲಿ ಒಂದು ಅಕ್ಷರಕ್ಕೆ ಒಂದೇ ಬೈಟು. ಒಟ್ಟು ೨೫೬ ಸ್ಥಾನಗಳು. ಪಶ್ಚಿಮ ಯೂರೋಪಿನ ಭಾಷೆಗಳು ಅದರಲ್ಲಿ ಹಿಡಿದವು. ಕನ್ನಡಕ್ಕೆ ಅಲ್ಲಿ ಒಂದು ಸ್ಥಾನವೂ ಇಲ್ಲ. ಯೂನಿಕೋಡಿನಲ್ಲಿ ಕನ್ನಡಕ್ಕೆ ತನ್ನದೇ ವಿಭಾಗವಿದೆ. ಅದನ್ನು ‘ಯು.ಟಿ.ಎಫ್. ೮’ ಕ್ರಮದಲ್ಲಿ ಬರೆದರೆ ಕನ್ನಡದ ಒಂದೊಂದು ಸಂಕೇತಕ್ಕೂ ೩ ಬೈಟು ಬೇಕು. ‘ಕ್ಷ’ ಎಂಬುದು ಕಣ್ಣಿಗೆ ಒಂದೇ ಅಕ್ಷರ. ಯಂತ್ರಕ್ಕೆ ಮಾತ್ರ ಅದು ಕಕಾರ, ಹಲಂತ ಚಿಹ್ನೆ, ಷಕಾರ ಎಂಬ ಮೂರು ಸಂಕೇತ, ೯ ಬೈಟು. ಮೈಎಸ್‌ಕ್ಯೂಎಲ್ಲಿನಲ್ಲಿ ೨೦೧೮ರ ೮.೦ ಆವೃತ್ತಿ ಬರುವವರೆಗೆ, ಕಡತದಲ್ಲಿ ಬೇರೆ ಹೇಳದಿದ್ದರೆ, ಸರ್ವರಿನ ಅಕ್ಷರಗಣ ಲ್ಯಾಟಿನ್ ೧ ಆಗಿರುತ್ತಿತ್ತು.

ಪ್ರಶ್ನಾರ್ಥಕ ಚಿಹ್ನೆಗಳ ಸಂಬಳ ಪಟ್ಟಿ

ಇದರ ಫಲವನ್ನು ನಾನು ಕಣ್ಣಾರೆ ಕಂಡದ್ದು ಕೆಲಸ ಮಾಡುವ ಕಾರ್ಖಾನೆಯಲ್ಲಿಯೇ. ಅಲ್ಲಿ ಸಂಬಳದ ಚೀಟಿ ಇಂಗ್ಲಿಷಿನಲ್ಲಿ ಬರುತ್ತಿತ್ತು. ಕೆಲಸಗಾರರ ಕೋರಿಕೆಯ ಮೇಲೆ ಹೆಸರನ್ನಾದರೂ ಕನ್ನಡದಲ್ಲಿ ಕೊಡುವುದೆಂದಾಯಿತು. ಆಫೀಸಿನವರು ೪೧ ಜನರ ಹೆಸರನ್ನು ಕನ್ನಡದಲ್ಲಿ ಏರಿಸಿದರು. ತಿಂಗಳ ಕೊನೆಗೆ ಚೀಟಿ ಅಚ್ಚಾದಾಗ ಪ್ರತಿಯೊಂದರಲ್ಲಿಯೂ ಹೆಸರಿನ ಜಾಗದಲ್ಲಿ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳು! ಹುಡುಗರು ನಕ್ಕರು. ಆದರೆ ಮಗಳ ಕಾಲೇಜು ಶುಲ್ಕಕ್ಕಾಗಿ ಸಾಲ ಕೇಳಲು ಆ ಚೀಟಿಯನ್ನು ಸೊಸೈಟಿಗೆ ಕೊಡಬೇಕಾಗಿದ್ದ ಹಿರಿಯರೊಬ್ಬರು ನಗಲಿಲ್ಲ. “ಇಪ್ಪತ್ತೆರಡು ವರ್ಷ ದುಡಿದಿದೀನಿ. ಇದು ನಂದೇ ಚೀಟಿ ಅಂತ ಅವರಿಗೆ ಹೆಂಗಪ್ಪ ಹೇಳ್ಲಿ?” ಎಂದು ನನ್ನನ್ನು ಕೇಳಿದರು.

ಎಲೆಕ್ಟ್ರಾನಿಕ್ ಸಿಟಿಯ ಅಣ್ಣ ಬಂದು ನೋಡಿದಾಗ ಕಾರಣ ಗೊತ್ತಾಯಿತು. ಸರ್ವರ್ ಹಳೆಯದು, ಅದನ್ನು ಸ್ಥಾಪಿಸಿದವರು ಅಕ್ಷರಗಣದ ಸಾಲನ್ನು ಬರೆದೇ ಇರಲಿಲ್ಲ. ಜೊತೆಗೆ, ಹಿಡಿಸದ ದಾಖಲೆ ಬಂದರೆ ‘ಒಲ್ಲೆ’ ಎಂದು ಹಿಂದಿರುಗಿಸುವ ಬಿಗಿ ಕ್ರಮವನ್ನೂ ಯಾರೋ ಕಡತದಲ್ಲಿ ಸಡಿಲಿಸಿದ್ದರು. ಆದ್ದರಿಂದ ತನ್ನಲ್ಲಿ ಸ್ಥಾನವಿಲ್ಲದ ಪ್ರತಿಯೊಂದು ಕನ್ನಡ ಸಂಕೇತಕ್ಕೂ ಬದಲಾಗಿ ಸರ್ವರ್ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ಬರೆದಿಟ್ಟುಕೊಂಡು ‘ಆಯಿತು’ ಎಂದಿತ್ತು. ಕಡತದಲ್ಲಿ ಸಾಲನ್ನು ಸರಿಪಡಿಸಿದರೂ ಹೋದ ಹೆಸರುಗಳು ಬರಲಿಲ್ಲ. ಏಕೆಂದರೆ ಉಳಿದಿದ್ದುದು ಚಿಹ್ನೆಗಳೇ ಹೊರತು ಅಕ್ಷರಗಳಲ್ಲ. ಮೇಲಾಗಿ ಅಂತಹ ತಿದ್ದುಪಡಿ ಹೊಸದಾಗಿ ಮಾಡುವ ಭಂಡಾರಗಳಿಗೆ ಅನ್ವಯಿಸುತ್ತದೆ. ಹಳೆಯ ಕೋಷ್ಟಕಗಳನ್ನು ಬೇರೆಯಾಗಿ ಪರಿವರ್ತಿಸಬೇಕು. ಅಣ್ಣ ಅದನ್ನು ಮಾಡಿದ ಬಳಿಕ, ಕೈಬರಹದ ಹಾಜರಿ ಪುಸ್ತಕವನ್ನು ಮುಂದಿಟ್ಟುಕೊಂಡು ಎರಡು ಸಂಜೆ ಕುಳಿತು ೪೧ ಹೆಸರುಗಳನ್ನೂ ನಾನು ಮತ್ತೆ ಏರಿಸಿದೆ. ಒಂದೊಂದನ್ನೂ ಆಯಾ ಜನರಿಗೇ ತೋರಿಸಿ ಒಪ್ಪಿಗೆ ಪಡೆದೆವು. ಹಿರಿಯರಿಗೆ ಅವರ ಹೆಸರಿನ ಚೀಟಿ ಸಿಕ್ಕಿತು. ಕಾಗದದ ಪುಸ್ತಕ ಇಲ್ಲದಿದ್ದರೆ?

ಕಡತದ ಪಾಲನೆ

ಹಾಗಾದರೆ ಈ ಕಡತವನ್ನು ನೋಡಿಕೊಳ್ಳುವ ಕ್ರಮವೇನು? ತಿಳಿದವರು ಹೇಳುವುದನ್ನು ಸಂಗ್ರಹವಾಗಿ ಬರೆಯುತ್ತೇನೆ.

ತಿದ್ದುವ ಮೊದಲು ಇದ್ದದ್ದರ ಪ್ರತಿ ತೆಗೆದಿಡಬೇಕು. ಲಿನಸ್ ಟೊರ್ವಾಲ್ಡ್ಸ್ ಅವರು ೨೦೦೫ರಲ್ಲಿ ರಚಿಸಿದ ‘ಗಿಟ್’ ಎಂಬ ತಂತ್ರಾಂಶ ಇದಕ್ಕೆ ಬಹಳ ಅನುಕೂಲ. ಯಾರು, ಎಂದು, ಯಾವ ಸಾಲನ್ನು, ಏಕೆ ಬದಲಿಸಿದರು ಎಂಬುದು ಅದರಲ್ಲಿ ಕ್ರಮವಾಗಿ ಉಳಿಯುತ್ತದೆ. ಬೇಕಾದರೆ ಹಿಂದಿನ ಸ್ಥಿತಿಗೆ ಮರಳಬಹುದು. ಗುಪ್ತಪದಗಳನ್ನು ಮಾತ್ರ ಅದರಲ್ಲಿ ಸೇರಿಸಬಾರದು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ಐದನ್ನು ಒಟ್ಟಿಗೆ ಬದಲಿಸಿದರೆ ಗುಣವೋ ದೋಷವೋ ಯಾವುದರಿಂದ ಬಂದಿತೆಂದು ತಿಳಿಯದು. ಬದಲಿಸಿದ ಸಾಲಿನ ಮೇಲೆ ತಾರೀಖು ಮತ್ತು ಕಾರಣವನ್ನು ಟಿಪ್ಪಣಿಯಾಗಿ ಬರೆಯಬೇಕು. ‘೬೪’ ಎಂಬ ಅಂಕೆ ಏನೆಂಬುದನ್ನು ಹೇಳುತ್ತದೆ, ಏಕೆಂಬುದನ್ನು ಹೇಳುವುದಿಲ್ಲ. ಬರೆದವರು ಕೆಲಸ ಬಿಟ್ಟು ಹೋದ ಮೇಲೆ ಆ ‘ಏಕೆ’ ಯಾರಿಗೂ ಸಿಕ್ಕುವುದಿಲ್ಲ.

ಕಡತದಲ್ಲಿರುವುದೇ ಜಾರಿಯಲ್ಲಿದೆಯೆಂದು ನಂಬಬಾರದು. ಕೆಲವು ಸಾಲುಗಳು ಕಡತವನ್ನು ಮತ್ತೆ ಓದಿಸಿದರೆ ಸಾಕು, ಜಾರಿಗೆ ಬರುತ್ತವೆ. ನೆನಪಿನ ದೊಡ್ಡ ಪಾಲು, ಏಕಕಾಲದ ಸಂಪರ್ಕಗಳ ಮಿತಿ ಮುಂತಾದವು ಸರ್ವರನ್ನು ನಿಲ್ಲಿಸಿ ಮತ್ತೆ ಹೊರಡಿಸಿದ ಹೊರತು ಬರುವುದಿಲ್ಲ. ಪೋಸ್ಟ್‌ಗ್ರೆಸ್ಸಿನಲ್ಲಿ ೨೦೧೪ರಿಂದ ಇನ್ನೊಂದು ಸೌಕರ್ಯವಿದೆ: ಆಜ್ಞೆಯ ಮೂಲಕವೇ ಕಟ್ಟಳೆಯನ್ನು ಬದಲಿಸಬಹುದು. ಆಗ ಅದು ‘ಆಟೋ’ ಎಂಬ ಬೇರೆ ಕಡತದಲ್ಲಿ ಕುಳಿತು ಮುಖ್ಯ ಕಡತದ ಮಾತನ್ನು ಮೀರುತ್ತದೆ. ಮುಖ್ಯ ಕಡತವನ್ನು ಎಷ್ಟು ತಿದ್ದಿದರೂ ಫಲವಿಲ್ಲವೆಂದು ಒದ್ದಾಡುವವರು ಮೊದಲು ಅದನ್ನು ನೋಡಬೇಕು. ಸರ್ವರನ್ನೇ ಕೇಳಿ, ಯಾವ ಬೆಲೆ ಯಾವ ಕಡತದಿಂದ ಬಂದು ನಡೆಯುತ್ತಿದೆಯೆಂದು ತಿಳಿಯುವ ಏರ್ಪಾಡೂ ಅದರಲ್ಲಿದೆ.

ಹೊಸ ಸೆಟ್ಟಿಂಗ್ ಮಾಡಿದ ಮೇಲೆ ಪೀಣ್ಯದಲ್ಲಿ ಮೊದಲ ಪೀಸನ್ನು ಅಳತೆಗೆ ಕೊಟ್ಟು, ಒಪ್ಪಿಗೆಯಾದ ಬಳಿಕವೇ ಉಳಿದದ್ದನ್ನು ಓಡಿಸುತ್ತಾರೆ. ಇಲ್ಲಿಯೂ ಹಾಗೆಯೇ ಬೇರೊಂದು ಯಂತ್ರದಲ್ಲಿ ಪರೀಕ್ಷಿಸಿ, ಇನ್ನೊಬ್ಬರ ಕಣ್ಣಿಗೂ ತೋರಿಸಿ, ಆಮೇಲೆ ನಿಜವಾದ ಸರ್ವರಿಗೆ ತರಬೇಕು. ಕೊನೆಯದಾಗಿ, ದಾಖಲೆಗಳ ಪ್ರತಿ ತೆಗೆಯುವಾಗ ಕಡತದ ಪ್ರತಿಯನ್ನೂ ತೆಗೆಯಬೇಕು. ‘ಪಿ.ಜಿ. ಡಂಪ್’ ಎಂಬ ಸಾಧನ ದಾಖಲೆಗಳನ್ನು ನಕಲು ಮಾಡುತ್ತದೆ, ಕಟ್ಟಳೆಯ ಕಡತಗಳನ್ನು ಮಾಡುವುದಿಲ್ಲ.

ಈ ಮಾತುಗಳು ಸಣ್ಣವರಿಗೆ ಮಾತ್ರವೆಂದು ತಿಳಿಯಬಾರದು. ೨೦೧೭ರ ಜನವರಿ ೩೧ರಂದು ಗಿಟ್‌ಲ್ಯಾಬ್ ಎಂಬ ದೊಡ್ಡ ಸಂಸ್ಥೆಯಲ್ಲಿ ಮುಖ್ಯ ಸರ್ವರಿಗೆ ಜೋಡಿಯಾಗಿದ್ದ ಪ್ರತಿ ಸರ್ವರ್ ಹಿಂದೆ ಬಿದ್ದಿತು. ಅದನ್ನು ಸರಿಪಡಿಸುವ ಯತ್ನದಲ್ಲಿ ಪೋಸ್ಟ್‌ಗ್ರೆಸ್ಸಿನ ಕಟ್ಟಳೆಗಳನ್ನು ಬದಲಿಸಬೇಕಾಯಿತು. ೮,೦೦೦ ಎಂದಿದ್ದ ಸಂಪರ್ಕಗಳ ಮಿತಿ ಅತಿಯಾಯಿತೆಂದು ೨,೦೦೦ಕ್ಕೆ ಇಳಿಸಿದರು. ರಾತ್ರಿಯ ಆಯಾಸದಲ್ಲಿ ಪ್ರತಿ ಸರ್ವರಿನದೆಂದು ತಿಳಿದು ಮುಖ್ಯ ಸರ್ವರಿನ ದಾಖಲೆಗಳನ್ನೇ ಅಳಿಸಿಬಿಟ್ಟರು. ನಕಲು ಇರಬಹುದೆಂದು ಹುಡುಕಿದರೆ, ನಕಲು ಮಾಡುವ ಸಾಧನದ ಆವೃತ್ತಿ ಸರ್ವರಿನ ಆವೃತ್ತಿಗೆ ಹೊಂದದೆ ಆ ನಕಲುಗಳು ಆಗುತ್ತಲೇ ಇರಲಿಲ್ಲ. ಬೇರೊಂದು ಪ್ರತಿಯಿಂದ ಚೇತರಿಸಿಕೊಂಡರೂ ಸುಮಾರು ೬ ಗಂಟೆಗಳ ಮಾಹಿತಿ ಹೋಯಿತು. ನಡೆದುದನ್ನು ಮುಚ್ಚಿಡದೆ ಆ ಸಂಸ್ಥೆ ಲೋಕಕ್ಕೆ ತಿಳಿಸಿದ್ದು ಮೆಚ್ಚತಕ್ಕ ಮಾತು. ಅದರಿಂದಲೇ ನಾವು ಇಂದು ಕಲಿಯಲು ಸಾಧ್ಯವಾಗಿದೆ.

ನಮ್ಮ ಪಾಲು

ಕಿಯೋನಿಕ್ಸ್ ಸಂಸ್ಥೆ ೧೯೭೮ರಲ್ಲಿ ೩೩೨ ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಆರಂಭಿಸಿದಾಗ ಸುತ್ತ ಇದ್ದದ್ದು ಹೊಲಗಳು. ಆ ಹೊಲಗಳ ಪಹಣಿಯೂ ಈಗ ಗಣಕದಲ್ಲಿದೆ. ವೈಟ್‌ಫೀಲ್ಡಿನ ಗಾಜಿನ ಕಟ್ಟಡಗಳನ್ನು ಬಸ್ಸಿನಿಂದ ನೋಡುವಾಗ ಅಲ್ಲಿ ನಡೆಯುವ ಕೆಲಸ ನಮಗೆ ನಿಲುಕದ್ದೆಂದು ನಮ್ಮಲ್ಲಿ ಅನೇಕರಿಗೆ ಅನ್ನಿಸುತ್ತದೆ. ಎಲ್ಲವೂ ನಿಲುಕುವುದೆಂದು ನಾನು ಹೇಳುವುದಿಲ್ಲ. ಆದರೆ ಈ ಕಡತವನ್ನು ಪಾಲಿಸುವುದಕ್ಕೆ ಬೇಕಾದ ಗುಣಗಳನ್ನು ನೋಡಿ: ಮೂಲವನ್ನು ಓದುವುದು, ಪ್ರತಿಯೊಡನೆ ಹೋಲಿಸುವುದು, ತಾರೀಖು ಹಾಕುವುದು, ಕಾರಣ ಬರೆಯುವುದು, ಹೇಳಿದ್ದಕ್ಕೂ ನಡೆದದ್ದಕ್ಕೂ ಇರುವ ಅಂತರವನ್ನು ಗುರುತಿಸುವುದು. ಇವನ್ನೇ ಅಲ್ಲವೇ ನಮ್ಮ ಅಧ್ಯಾಪಕರು ಇತಿಹಾಸದ ತರಗತಿಯಲ್ಲಿ ಮೂರು ವರ್ಷ ಕಲಿಸಿದ್ದು?

ನಮ್ಮ ಸಹಪಾಠಿಗಳಲ್ಲಿ ಹಲವರು ನಾಳೆ ಬ್ಯಾಂಕು, ಸೊಸೈಟಿ, ಪಂಚಾಯಿತಿ, ತಾಲ್ಲೂಕು ಕಚೇರಿಗಳಲ್ಲಿ ಸರ್ವರಿನ ಮುಂದೆ ಕೂರುವವರು. ಕಟ್ಟಳೆಯನ್ನು ತಿದ್ದುವ ಅಧಿಕಾರ ಅವರಿಗೆ ಇರದಿರಬಹುದು. ಕೇಳುವ ಹಕ್ಕು ಇದ್ದೇ ಇದೆ. ಈ ಕಡತದ ಪ್ರತಿ ಎಲ್ಲಿದೆ? ಕೊನೆಯ ಸಲ ಅದನ್ನು ಬದಲಿಸಿದವರಾರು, ಏಕೆ? ಇದರಲ್ಲಿ ಕನ್ನಡದ ಹೆಸರು ಬರೆದರೆ ಕನ್ನಡದಲ್ಲಿಯೇ ಉಳಿಯುವುದೇ? ಕೆಲಸಕ್ಕೆ ಸೇರಿದ ಮೊದಲ ವಾರದಲ್ಲಿಯೇ ಈ ಮೂರು ಪ್ರಶ್ನೆಗಳನ್ನು ಕೇಳಿರೆಂದು ಅವರಲ್ಲಿ ನನ್ನ ವಿನಂತಿ. ಉತ್ತರ ಸಿಕ್ಕದಿದ್ದರೆ ಒಂದು ಕೈಬರಹದ ಪುಸ್ತಕವನ್ನು ಜೋಪಾನವಾಗಿ ಇಟ್ಟುಕೊಂಡಿರಲಿ.